ಬೈಕು ತಾನಾಗಿ ಬರುವುದಿಲ್ಲ

ನಾನು ನಿವೃತ್ತನಾಗಿ ಮೂರು ವರ್ಷಗಳಾದವು. ಸಾಗರದ ನಮ್ಮ ಮನೆಯಿಂದ ಹಿರಿಯರು ಬಿಟ್ಟುಹೋದ ಅಡಿಕೆ ತೋಟಕ್ಕೆ ಒಂಬತ್ತು ಕಿಲೋಮೀಟರು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಅದು ತಪ್ಪಿದರೆ ಯಾರದಾದರೂ ಬೈಕಿನ ಹಿಂದೆ ಕುಳಿತು, ಅವರ ಹೊತ್ತಿಗೆ ನಮ್ಮ ಹೊತ್ತನ್ನು ಹೊಂದಿಸಿಕೊಂಡು ಹೋಗಬೇಕು. ಸೇವೆಯಲ್ಲಿದ್ದಷ್ಟು ದಿನವೂ ಸೈಕಲ್ಲಿನಲ್ಲಿಯೇ ಶಾಲೆಗೆ ಹೋಗಿಬಂದವನು ನಾನು. ಈಗ ತೋಟದ ದಾರಿಯ ಏರು ಹತ್ತಲು ದಮ್ಮು ಸಾಲುತ್ತಿಲ್ಲ. ಹೀಗಾಗಿ ಅರವತ್ತಮೂರನೆಯ ವಯಸ್ಸಿನಲ್ಲಿ ಮೋಟಾರ್ ಸೈಕಲ್ ಕಲಿಯಬೇಕೆ, ಬೇಡವೆ ಎಂಬ ಪ್ರಶ್ನೆ ನಮ್ಮ ಮನೆಯ ಜಗುಲಿಗೆ ಬಂದು ಕುಳಿತಿತು.

ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಅಪ್ಪಾ, ಗೇರಿಲ್ಲದ ಸ್ಕೂಟರ್ ತೊಗೊಳ್ಳಿ, ಸುಮ್ನೆ ತಲೆನೋವು ಯಾಕೆ?" ಎಂದ. ಪೇಟೆಗೆ ಅದು ಸರಿಯಾದ ಮಾತು. ಆದರೆ ತೋಟದ ಕೊನೆಯ ಎರಡು ಕಿಲೋಮೀಟರು ಜಲ್ಲಿ ಎದ್ದ ಮಣ್ಣುದಾರಿ. ಅಲ್ಲಿ ಸ್ಕೂಟರಿನ ಸಣ್ಣ ಚಕ್ರಕ್ಕಿಂತ ಬೈಕಿನ ದೊಡ್ಡ ಚಕ್ರವೇ ಗುಂಡಿಯನ್ನು ಸಲೀಸಾಗಿ ದಾಟುತ್ತದೆ. ನಮ್ಮ ಮನೆಯವರದು ಬೇರೆಯೇ ರಾಗ: "ಈ ವಯಸ್ಸಲ್ಲಿ ಕೈಕಾಲು ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರ್ರೀ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಧೈರ್ಯ ತುಂಬಿದವರು ಹಳೆಯ ಸಹೋದ್ಯೋಗಿಯೊಬ್ಬರು: "ಸೈಕಲ್ ಬರುತ್ತದಲ್ಲ ಮೇಷ್ಟ್ರೆ, ಇದೂ ಬರುತ್ತದೆ ಬಿಡಿ."

ಆ ಮಾತು ಕೇಳಿ ನಾನು ತಣ್ಣಗಾದೆ. ಏಕೆಂದರೆ ಅದೇ ಮಾತನ್ನು ಹಿಂದೊಮ್ಮೆ ನಾನೇ ಆಡಿದ್ದೆ.

1998ರ ಸುಮಾರಿನ ಸಂಗತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಿಯುಸಿ ಪಾಸಾಗಿದ್ದ, ಹದಿನೆಂಟು ತುಂಬಿತ್ತು. ಅವನ ತಂದೆ ಶಾಲೆಗೆ ಬಂದು, "ಹುಡುಗ ಬೈಕು ಬೇಕೇಬೇಕು ಅಂತಾನೆ, ಕೊಡಿಸಲೇ ಮೇಷ್ಟ್ರೆ?" ಎಂದು ಕೇಳಿದರು. ನಾನು ಉತ್ತರ ಪತ್ರಿಕೆಗಳಿಂದ ತಲೆಯೆತ್ತದೆಯೇ, "ಸೈಕಲ್ ಹೊಡೀತಾನಲ್ಲ, ಬರುತ್ತೆ, ಕೊಡಿಸಿ" ಎಂದೆ. ಮೂರು ವಾರವೂ ಕಳೆಯಲಿಲ್ಲ. ಮಳೆ ಬಿದ್ದು ಮಣ್ಣು ಹರಿದ ತಿರುವಿನಲ್ಲಿ ದನ ಅಡ್ಡ ಬಂತೆಂದು ಹುಡುಗ ಮುಂದಿನ ಬ್ರೇಕನ್ನು ಪೂರ್ತಿ ಹಿಡಿದ. ಪ್ರಾಣ ಉಳಿಯಿತು. ಬಲಗಾಲು ಎರಡು ಅಂಗುಲ ಗಿಡ್ಡವಾಯಿತು. ಅವನ ತಂದೆ ನನ್ನನ್ನು ಒಂದು ದಿನವೂ ದೂರಲಿಲ್ಲ. ಅದೇ ನನಗೆ ಇಂದಿಗೂ ಕಷ್ಟ.

ನಾನು ಭೌತಶಾಸ್ತ್ರ ಬೋಧಿಸುತ್ತಿದ್ದವನು. ಬಸ್ಸು ಥಟ್ಟನೆ ನಿಂತಾಗ ನಾವೇಕೆ ಮುಂದಕ್ಕೆ ಬಾಗುತ್ತೇವೆ ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪು ಹಲಗೆಯ ಮುಂದೆ ನಿಂತು ವಿವರಿಸಿದ್ದೇನೆ. ಬೈಕಿಗೂ ಅದೇ ನಿಯಮ: ಬ್ರೇಕು ಹಿಡಿದಾಗ ಭಾರದ ಹೆಚ್ಚಿನ ಪಾಲು ಮುಂದಿನ ಚಕ್ರಕ್ಕೆ ಬರುತ್ತದೆ. ಆದ್ದರಿಂದ ಒಣ ನೆಲದಲ್ಲಿ ಗಾಡಿಯನ್ನು ಬಹುಪಾಲು ನಿಲ್ಲಿಸುವುದು ಮುಂದಿನ ಬ್ರೇಕೇ. ಆದರೆ ಅದನ್ನು ಮೆಲ್ಲಗೆ ಒತ್ತುತ್ತ ಬಿಗಿಗೊಳಿಸಬೇಕು. ಮಣ್ಣಿನ ಮೇಲೆ, ತಿರುವಿನಲ್ಲಿ, ಒಮ್ಮೆಲೇ ಹಿಡಿದರೆ ಚಕ್ರ ಸುತ್ತುವುದನ್ನು ನಿಲ್ಲಿಸಿ ಜಾರುತ್ತದೆ. ಇನ್ನು ವೇಗದ ಲೆಕ್ಕ. ಗಂಟೆಗೆ 15 ಕಿಲೋಮೀಟರಿನ ಸೈಕಲ್ ಸವಾರ 45ರ ವೇಗಕ್ಕೆ ಬಂದರೆ, ಅವನ ಮೈಯಲ್ಲಿರುವ ಚಲನಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಈ ಲೆಕ್ಕವನ್ನು ಪರೀಕ್ಷೆಗೆ ಕೇಳುತ್ತಿದ್ದ ನಾನೇ ಆ ತಂದೆಗೆ ಒಂದು ಮಾತು ಹೇಳಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ. ನಮ್ಮಲ್ಲಿ ಈಜನ್ನು ಕಲಿಸುತ್ತಾರೆ, ಸಂಗೀತವನ್ನು ಕಲಿಸುತ್ತಾರೆ, ಕಾರನ್ನೂ ದುಡ್ಡು ಕೊಟ್ಟು ಕಲಿಯುತ್ತೇವೆ. ಬೈಕು ಮಾತ್ರ "ಬರುತ್ತದೆ". ಅಣ್ಣನ ಗಾಡಿಯನ್ನು ಕದ್ದು ಓಡಿಸಿ, ಎರಡು ಸಲ ಬಿದ್ದು, ಮೂರನೆಯ ಸಲಕ್ಕೆ ಹೆದ್ದಾರಿಗೆ ಇಳಿದರೆ ಬಂದಂತೆ. ಲೈಸೆನ್ಸಿನ ಪರೀಕ್ಷೆಗೆ ಎಂಟರ ಆಕಾರದಲ್ಲಿ ಕಾಲೂರದೆ ಓಡಿಸಿದರೆ ಹೆಚ್ಚುಕಡಿಮೆ ಮುಗಿಯಿತು. ಎಂಟು ಹಾಕುವ ವೇಗದಲ್ಲಿ ದನ ಅಡ್ಡ ಬರುವುದಿಲ್ಲ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ರಸ್ತೆ ಕೆಟ್ಟಿದೆ, ಲಾರಿಯವರು ಕೆಟ್ಟಿದ್ದಾರೆ, ನಿಜ. ಆದರೂ ಕಲಿಯದೆ ಇಳಿದವರ ಪಾಲೂ ಅದರಲ್ಲಿ ಇದ್ದೇ ಇದೆ ಎಂದು ನನ್ನ ನಂಬಿಕೆ.

ಆದ್ದರಿಂದ ಹೊಸದಾಗಿ ಬೈಕು ಹಿಡಿಯಲು ಹೊರಟವರು, ಹದಿನೆಂಟರವರಾಗಲಿ ಅರವತ್ತರವರಾಗಲಿ, "ನನಗೆ ಧೈರ್ಯವಿದೆಯೇ" ಎಂದು ಕೇಳಿಕೊಳ್ಳುವ ಮೊದಲು "ನಾನು ಇನ್ನೊಬ್ಬರ ಕೈಕೆಳಗೆ ಕಲಿಯಲು ಸಿದ್ಧನೇ" ಎಂದು ಕೇಳಿಕೊಳ್ಳಬೇಕು. ಇಲ್ಲವೆಂದಾದರೆ ಬಸ್ಸಿಗೆ ಕಾಯುವುದೇ ಲೇಸು. ಮೇಷ್ಟರಾಗಿದ್ದವರಿಗೆ ಈ ಪ್ರಶ್ನೆ ಇನ್ನೂ ಕಠಿಣ.

ಕಾನೂನಿನ ಕೆಲಸಗಳನ್ನು ಮೊದಲು ಮುಗಿಸಿದೆ. ನಲವತ್ತು ದಾಟಿದವರು ವೈದ್ಯರಿಂದ ಪ್ರಮಾಣಪತ್ರ ತರಬೇಕು. ಕಲಿಕಾ ಲೈಸೆನ್ಸ್ ಆರು ತಿಂಗಳ ಅವಧಿಯದು, ಪರೀಕ್ಷೆಗೆ ಮೂವತ್ತು ದಿನವಾದರೂ ಕಾಯಬೇಕು, ಅಲ್ಲಿಯವರೆಗೆ ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಡಾಕ್ಟರು ಕಣ್ಣು ನೋಡಿ, "ರಾತ್ರಿ ಎದುರಿನ ಲೈಟು ಕುಕ್ಕುತ್ತದೆಯೇ?" ಎಂದು ಕೇಳಿದರು. ಕುಕ್ಕುತ್ತದೆ. ಹಾಗಾದರೆ ಕತ್ತಲಾದ ಮೇಲೆ ಬೈಕಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ. ಮಲೆನಾಡಿನ ಮಳೆಗಾಲದ ನಾಲ್ಕು ತಿಂಗಳೂ ಇಲ್ಲ.

ಪ್ರಮಾಣಪತ್ರದ ಜೆರಾಕ್ಸ್ ಮಾಡಿಸಲು ಹೋದ ಅಂಗಡಿ ಯಾರದೆಂದು ಓದುಗ ಮಿತ್ರರು ಊಹಿಸಿರಬಹುದು. ಅವನು ಕುಂಟುತ್ತ ಬಂದು ಕಾಗದ ತೆಗೆದುಕೊಂಡು, ಓದಿ, ನಕ್ಕ. "ನೀವಾ ಸಾರ್?" ಎಂದ. ನಾನು ಬಹಳ ದಿನದಿಂದ ಹೇಳಬೇಕಾಗಿದ್ದ ಮಾತನ್ನು ಹೇಳಿದೆ. ಅವನಿಗೆ ನಾನು ತಂದೆಗೆ ಹಾಗೆ ಹೇಳಿದ್ದು ಗೊತ್ತೇ ಇರಲಿಲ್ಲವಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬೇಡ ಅಂದಿದ್ರೂ ನಾನು ಕೇಳ್ತಿರ್ಲಿಲ್ಲ ಸಾರ್. ಬ್ರೇಕು ಹಿಡಿಯೋದು ಮೊದ್ಲು ಕಲೀರಿ, ಆಮೇಲೆ ಗೇರು" ಎಂದ. ದುಡ್ಡು ತೆಗೆದುಕೊಳ್ಳಲಿಲ್ಲ.

ಕಲಿಸುತ್ತಿರುವವನೂ ನನ್ನ ಶಿಷ್ಯನೇ, ಗ್ಯಾರೇಜು ಇಟ್ಟುಕೊಂಡಿದ್ದಾನೆ. ನನಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ ಬೈಕಿನ ಮೇಲೆ ಕಾಲೇಜಿನ ದಿನಗಳಿಂದ ಕಣ್ಣು. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇರುತ್ತಿದ್ದ ಗಾಡಿ ಅದು. ಅವನು ಒಪ್ಪಲಿಲ್ಲ. 110 ಕಿಲೋ ತೂಕದ, ನೂರು ಸಿಸಿಯ ಸಾದಾ ಗಾಡಿಯನ್ನು ತಂದು, ಮೊದಲ ದಿನ ಎಂಜಿನ್ ಚಾಲೂ ಮಾಡದೆ ಮೈದಾನದ ಸುತ್ತ ತಳ್ಳಿಸಿದ. ಎರಡನೆಯ ದಿನ ಪೂರ್ತಿ ಕ್ಲಚ್ಚು: ಎಡಗೈ ಬೆರಳು ಬಿಡುತ್ತ ಬಂದಂತೆ ಗಾಡಿ ಎಲ್ಲಿ ಮುಂದಕ್ಕೆ ಎಳೆಯಲು ತೊಡಗುತ್ತದೆಯೋ ಅಲ್ಲಿ ನಿಲ್ಲಿಸುವುದು, ಮತ್ತೆ ಹಿಡಿಯುವುದು. ಮೂವತ್ತು ಸಲ, ನಲವತ್ತು ಸಲ. ಹನ್ನೆರಡು ಸಲ ಗಾಡಿ ಆಫ್ ಆಯಿತು. ಬೇಲಿಯಾಚೆ ನಿಂತಿದ್ದ ಏಳನೆಯ ತರಗತಿಯ ಹುಡುಗರು ಎಣಿಸಿ ಹೇಳಿದರು. "ಸಾರ್, ಹ್ಯಾಂಡಲ್ ನೋಡ್ಬೇಡಿ, ಹೋಗೋ ಕಡೆ ನೋಡಿ" ಎಂದು ಶಿಷ್ಯ ಗದರಿದಾಗ ಕಿವಿ ಬಿಸಿಯಾಯಿತು. ಗಣಿತ ಬಾರದ ಮಕ್ಕಳನ್ನು ನಾನು ಎಷ್ಟು ಗದರಿದ್ದೆನೋ!

ಈಗ ಮೂರನೆಯ ವಾರ. ಎರಡನೆಯ ಗೇರಿನವರೆಗೆ ಬಂದಿದ್ದೇನೆ. ಬ್ರೇಕಿನ ಪಾಠ ದಿನವೂ ಕಡ್ಡಾಯ: ಮೊದಲು ಒಣ ನೆಲ, ಆಮೇಲೆ ಮೈದಾನದ ಮೂಲೆಯ ಮರಳು. ಐಎಸ್ಐ ಗುರುತಿನ ಎರಡು ಹೆಲ್ಮೆಟ್ ಕೊಂಡಿದ್ದೇನೆ. ಒಂದನ್ನು ನಮ್ಮ ಮನೆಯವರು ಧಾನ್ಯದ ಡಬ್ಬಿಗಳ ಮೇಲಿನ ಅಟ್ಟದಲ್ಲಿ ಇಟ್ಟಿದ್ದಾರೆ; ಇನ್ನೂ ಕೆಳಗಿಳಿಸಿಲ್ಲ.