ಆಟದ ಲೋಕದ ಗಾಯಕ್ಕೂ ಮೊದಲು ಮದ್ದು, ಆಮೇಲೆ ಬುದ್ಧಿಮಾತು

ನಮ್ಮ ಸಂಬಂಧಿಕರ ಮನೆಯ ಹತ್ತು ವರ್ಷದ ಹುಡುಗ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೊಟ್ಟೆ ನೋವು ಎನ್ನುತ್ತಿದ್ದ. ರಾತ್ರಿ ಎದ್ದು ಕೂರುತ್ತಿದ್ದ. ಶಾಲೆಗೆ ಹೊರಡುವ ಹೊತ್ತಿಗೆ ವಾಂತಿ ಬರುವಂತಾಗುತ್ತದೆ ಎಂದು ಮಲಗಿಬಿಡುತ್ತಿದ್ದ. ಜೀರಿಗೆ ಕಷಾಯ ಕುಡಿಸಿದ್ದಾಯಿತು, ಜಂತುಹುಳುವಿನ ಮಾತ್ರೆ ಕೊಟ್ಟದ್ದಾಯಿತು. ಕೊನೆಗೆ ವೈದ್ಯರ ಬಳಿ ಕರೆದುಕೊಂಡು ಹೋದರು. ವೈದ್ಯರು ಹೊಟ್ಟೆ ಒತ್ತಿ ನೋಡಿ, ನಾಲಿಗೆ ನೋಡಿ, ತಾಯಿಯ ಎದುರಿನಲ್ಲೇ ಮೆಲ್ಲಗೆ ಕೇಳಿದರು: “ಏನಾದರೂ ಕಳೆದುಹೋಗಿದೆಯಾ ಮಗು?” ಹುಡುಗ ಬಿಕ್ಕಿ ಬಿಕ್ಕಿ ಅತ್ತ.

ಕಳೆದುಹೋಗಿದ್ದು ಒಂದು ಆನ್‌ಲೈನ್ ಆಟದಲ್ಲಿ ಅವನಿಗಿದ್ದ ಖಾತೆ. ಆಟದೊಳಗೆ ಪರಿಚಯವಾದ ಯಾರೋ ಒಬ್ಬ, ಉಚಿತವಾಗಿ ಆಟದ ನಾಣ್ಯ ಕೊಡಿಸುತ್ತೇನೆಂದು ಪಾಸ್‌ವರ್ಡ್ ಕೇಳಿದ್ದ. ಇವನು ಕೊಟ್ಟಿದ್ದ. ಮರುದಿನ ಖಾತೆಯೂ ಇಲ್ಲ, ಎರಡು ವರ್ಷ ಕೂತು ಕಟ್ಟಿದ ಮನೆಯೂ ಇಲ್ಲ. ಆದರೆ ಹೊಟ್ಟೆ ನೋವು ಅದರಿಂದ ಬಂದದ್ದಲ್ಲ. “ಗೊತ್ತಾದರೆ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಹೊಡೆಯುತ್ತಾರೆ” ಎಂಬ ಹೆದರಿಕೆಯಿಂದ ಬಂದದ್ದು. ಭಯವನ್ನು ಬಾಯಲ್ಲಿ ಹೇಳಲಾಗದ ಮಕ್ಕಳು ಅದನ್ನು ಹೊಟ್ಟೆಯಲ್ಲಿ ಹೇಳುತ್ತಾರೆ ಎಂಬುದು ಮಕ್ಕಳ ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ.

ಆರೋಗ್ಯದ ಪುಟದಲ್ಲಿ ಆಟದ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ಇದೇ. ರೋಬ್ಲಾಕ್ಸ್, ಮೈನ್‌ಕ್ರಾಫ್ಟ್‌ನಂಥವು ಬರೀ ಆಟಗಳಲ್ಲ. ಮಗು ಅಲ್ಲಿ ತನ್ನದೊಂದು ಗೊಂಬೆರೂಪ ಧರಿಸಿ ಓಡಾಡುತ್ತದೆ, ಮನೆ ಕಟ್ಟುತ್ತದೆ, ಗೆಳೆಯರನ್ನು ಮಾಡಿಕೊಳ್ಳುತ್ತದೆ, ವ್ಯಾಪಾರ ಮಾಡುತ್ತದೆ. ಅದೊಂದು ಊರು. ಊರೆಂದ ಮೇಲೆ ಎಡವಿ ಬೀಳುವುದೂ ಇದೆ, ದಾರಿ ತಪ್ಪುವುದೂ ಇದೆ, ಜೇಬುಗಳ್ಳರೂ ಇದ್ದಾರೆ. ಬೀದಿಯಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದ ಮಗುವಿಗೆ ನಾವು ಮೊದಲು ಗಾಯ ತೊಳೆಯುತ್ತೇವೆ. “ಓಡಬೇಡ ಎಂದಿರಲಿಲ್ಲವೇ” ಎಂಬ ಮಾತು ಮದ್ದು ಹಚ್ಚಿದ ಮೇಲೆ. ಆದರೆ ಆ ಊರಿನಲ್ಲಿ ಬಿದ್ದು ಬಂದ ಮಗುವಿಗೆ ಮಾತ್ರ ಮೊದಲು ಬೈಗುಳ, ಆಮೇಲೂ ಬೈಗುಳ.

ನನ್ನ ಅಭಿಪ್ರಾಯ ಸರಳವಾದದ್ದು. ನೆರವು ಕೊಡುವ ಗಳಿಗೆ ಬೇರೆ, ನಿಯಮ ಮಾಡುವ ಗಳಿಗೆ ಬೇರೆ. ಇವೆರಡನ್ನೂ ಬೆರೆಸಿದರೆ ನೆರವೂ ಕೆಡುತ್ತದೆ, ನಿಯಮವೂ ಕೆಡುತ್ತದೆ.

ಸಣ್ಣ ತೊಂದರೆಗಳಿಂದಲೇ ಆರಂಭಿಸೋಣ

ಊಟಕ್ಕೆ ಕರೆದಾಗ “ಐದೇ ನಿಮಿಷ” ಎಂದು ಮಗು ಕಿರುಚುತ್ತದೆ. ನಮಗೆ ಅದು ಹಟವಾಗಿ ಕಾಣುತ್ತದೆ. ಎಷ್ಟೋ ಸಲ ಅದು ಹಟವೇ. ಆದರೆ ಮೈನ್‌ಕ್ರಾಫ್ಟ್‌ನಲ್ಲಿ ಆಟಗಾರ ಸತ್ತರೆ ಅವನ ಬಳಿ ಇದ್ದ ಸಾಮಾನೆಲ್ಲ ನೆಲಕ್ಕೆ ಬೀಳುತ್ತದೆ. ಆ ಜಾಗಕ್ಕೆ ಹಿಂತಿರುಗಿ ಐದು ನಿಮಿಷದೊಳಗೆ ಎತ್ತಿಕೊಳ್ಳದಿದ್ದರೆ ಅದು ಮಾಯವಾಗುತ್ತದೆ. ವಾರಗಟ್ಟಲೆ ಕೂಡಿಟ್ಟದ್ದು ಕಣ್ಣೆದುರೇ ಕರಗುವ ಗಾಬರಿ ಆ ಕಿರುಚಾಟದಲ್ಲಿ ಇರಬಹುದು. ಈ ಒಂದು ಸಂಗತಿ ತಿಳಿದಿದ್ದರೆ ತಾಯಿ “ಸರಿ, ಅದನ್ನು ಎತ್ತಿಕೊಂಡು ಬಾ” ಎನ್ನಬಹುದು. ಊಟವೂ ಆಗುತ್ತದೆ, ಜಗಳವೂ ತಪ್ಪುತ್ತದೆ. ಆ ಲೋಕದಲ್ಲಿ ಮನೆಯ ದಾರಿ ತಪ್ಪುವ ಮಗುವಿಗೆ ಇನ್ನೊಂದು ಉಪಾಯವಿದೆ. ಅಲ್ಲಿ ಹಾಸಿಗೆ ಮಾಡಿ ಮಲಗಿದರೆ, ಸತ್ತ ಮೇಲೆ ಅದೇ ಹಾಸಿಗೆಯ ಬಳಿ ಮತ್ತೆ ಏಳಬಹುದು.

ರೋಬ್ಲಾಕ್ಸ್‌ನಲ್ಲಿ ಗೊಂಬೆ ಗೋಡೆಯ ಸಂದಿಯಲ್ಲಿ ಸಿಕ್ಕಿಬಿದ್ದರೆ ಮೆನುವಿಗೆ ಹೋಗಿ ಪಾತ್ರವನ್ನು ಮರುಹೊಂದಿಸಿದರೆ ಸಾಕು. ಆಟ ತಡವರಿಸಿ ತಡವರಿಸಿ ನಡೆಯುತ್ತಿದ್ದರೆ ಮೊಬೈಲಿನಲ್ಲಿ ತೆರೆದಿಟ್ಟ ಬೇರೆ ಆ್ಯಪ್‌ಗಳನ್ನು ಮುಚ್ಚಿ. ಸೆಟ್ಟಿಂಗ್ಸ್‌ನಲ್ಲಿ ಚಿತ್ರದ ಗುಣಮಟ್ಟವನ್ನು ತಗ್ಗಿಸಿ. ವೈಫೈ ಪೆಟ್ಟಿಗೆಗೆ ಹತ್ತಿರ ಕೂರಿಸಿ. ಹಳೆಯ ಮೊಬೈಲಿಗೆ ಭಾರವಾದ ಆಟ ಹೊರಲಾಗುವುದಿಲ್ಲ ಎಂಬುದನ್ನು ಮಗುವಿಗೆ ವಿವರಿಸಿ. ಆಟ ತಡವರಿಸಿದಷ್ಟೂ ಮಗು ಸಿಡಿಮಿಡಿಗೊಳ್ಳುತ್ತದೆ, ಪರದೆಗೆ ಇನ್ನಷ್ಟು ಹತ್ತಿರ ಬಾಗುತ್ತದೆ, ಮೊಬೈಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

“ಇದೆಲ್ಲ ನಮಗೆಲ್ಲಿ ಗೊತ್ತು?” ಎನ್ನಬೇಡಿ. ಗೊತ್ತಿರಬೇಕಾಗಿಲ್ಲ. ಪಕ್ಕದಲ್ಲಿ ಕೂತು “ಏನಾಯಿತು, ತೋರಿಸು” ಎಂದರೆ ಮಗುವೇ ಅರ್ಧ ಪರಿಹಾರ ಹೇಳುತ್ತದೆ. ಆದರೆ ಮೊಬೈಲನ್ನು ಅದರ ಕೈಯಿಂದ ತೆಗೆದುಕೊಂಡು ನೀವೇ ಒತ್ತಬೇಡಿ. ಮಗುವಿನ ಕೈಯಿಂದಲೇ ಮಾಡಿಸಿ. ಮುಂದಿನ ಸಲ ನೀವಿಲ್ಲದಾಗ ಅದಕ್ಕೆ ಅದು ಬೇಕಾಗುತ್ತದೆ.

ಮೈಗೆ ಆಗುವ ತೊಂದರೆಗಳು

ಕೆಲವು ಮಕ್ಕಳಿಗೆ ಇಂಥ ಆಟ ಆಡುವಾಗ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಘಾಟಿಯಲ್ಲಿ ಬಸ್ಸಿನಲ್ಲಿ ಆಗುವ ತಲೆಸುತ್ತಿನ ಜಾತಿಯದೇ ಇದು. ಕಣ್ಣು “ನಾನು ಓಡುತ್ತಿದ್ದೇನೆ” ಎನ್ನುತ್ತದೆ, ಒಳಗಿವಿ “ಕುಳಿತೇ ಇದ್ದೇನೆ” ಎನ್ನುತ್ತದೆ. ಮಿದುಳಿಗೆ ಗೊಂದಲ. ಪರದೆಯಿಂದ ದೂರ ಕೂರುವುದು, ಕೋಣೆಯಲ್ಲಿ ಬೆಳಕಿಡುವುದು, ಮೈನ್‌ಕ್ರಾಫ್ಟ್‌ನಲ್ಲಾದರೆ ನಡೆಯುವಾಗ ನೋಟ ಕುಲುಕುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸುವುದು ಉಪಯೋಗಕ್ಕೆ ಬರುತ್ತವೆ. ಆದರೂ ಸುತ್ತಿದರೆ ಆಟ ನಿಲ್ಲಿಸಬೇಕು. ಅಭ್ಯಾಸವಾಗುತ್ತದೆ ಎಂದು ಸಹಿಸಿಕೊಂಡು ಆಡುವುದು ತರವಲ್ಲ.

ಪರದೆಯನ್ನೇ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಕಣ್ಣು ಒಣಗಿ ಉರಿಯುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವ ಮಾತು ಇದಕ್ಕಾಗಿಯೇ. ಕಿಟಕಿಯಾಚೆಯ ತೆಂಗಿನ ಮರ ನೋಡಿದರೂ ಆದೀತು. ದಿನವೂ ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ ಎಂಬುದೂ ಕಂಡುಬಂದಿದೆ. ಹೆಬ್ಬೆರಳು, ಮಣಿಕಟ್ಟು, ಕತ್ತಿನ ನೋವಿಗೆ ಮೊದಲ ಮದ್ದು ವಿರಾಮ. ರಾತ್ರಿ ಮಲಗುವ ಕೋಣೆಯೊಳಗೆ ಮೊಬೈಲ್ ಇರದಿದ್ದರೆ ನಿದ್ದೆಯ ಅರ್ಧ ತೊಂದರೆ ತೀರುತ್ತದೆ.

ಜೇಬುಗಳ್ಳರ ವಿಷಯ

ರೋಬ್ಲಾಕ್ಸ್‌ನ ನಾಣ್ಯಕ್ಕೆ ರೋಬಕ್ಸ್ ಎನ್ನುತ್ತಾರೆ. ಅದನ್ನು ಹಣ ಕೊಟ್ಟು ಕೊಳ್ಳಬೇಕು. “ಉಚಿತ ರೋಬಕ್ಸ್” ಎಂದು ಪಾಸ್‌ವರ್ಡ್ ಕೇಳುವ ಜಾಲತಾಣ, ವಿಡಿಯೊ, ಸಂದೇಶ ಯಾವುದೇ ಇರಲಿ, ಅದು ವಂಚನೆ. ಕಂಪನಿಯ ಸಿಬ್ಬಂದಿ ಯಾರ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಇನ್ನೊಂದು ಉಪಾಯ ಹೂಡುವವರೂ ಇದ್ದಾರೆ. “ಈ ಸಾಲನ್ನು ನಕಲು ಮಾಡಿ ಬ್ರೌಸರಿನಲ್ಲಿ ಅಂಟಿಸು, ಮಜಾ ನೋಡು” ಎನ್ನುತ್ತಾರೆ. ಅಂಟಿಸಿದರೆ ಪಾಸ್‌ವರ್ಡ್ ಕೊಡದೆಯೇ ಖಾತೆಯ ಬೀಗದ ಕೈ ಅವರಿಗೆ ಸಿಗುತ್ತದೆ. ಹಲ್ಲುಜ್ಜುವ ಬ್ರಷ್ಷನ್ನು ಯಾರಿಗೂ ಕೊಡುವುದಿಲ್ಲ, ಪಾಸ್‌ವರ್ಡೂ ಹಾಗೆಯೇ ಎಂದು ಹೇಳಿದರೆ ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಖಾತೆ ಕಳೆದಿದ್ದರೆ ಏನು ಮಾಡಬೇಕು? ಒಳಗೆ ಹೋಗಲು ಇನ್ನೂ ಸಾಧ್ಯವಿದ್ದರೆ ತಕ್ಷಣ ಪಾಸ್‌ವರ್ಡ್ ಬದಲಿಸಿ. ಬೇರೆಲ್ಲ ಕಡೆಗಳಿಂದ ಹೊರಬರುವ ಆಯ್ಕೆಯನ್ನು ಒತ್ತಿ. ಎರಡು ಹಂತದ ದೃಢೀಕರಣ ಹಾಕಿ. ಒಳಗೆ ಹೋಗಲು ಆಗದಿದ್ದರೆ, ಖಾತೆ ತೆರೆದಾಗ ಕೊಟ್ಟಿದ್ದ ಇಮೇಲ್ ವಿಳಾಸದಿಂದ ಕಂಪನಿಯ ಸಹಾಯ ವಿಭಾಗಕ್ಕೆ ಬರೆಯಿರಿ. ತಡ ಮಾಡಿದಷ್ಟೂ ಕಳೆದದ್ದು ಸಿಗುವುದು ಕಷ್ಟ. ನಮ್ಮ ಹುಡುಗ ಮೂರು ದಿನ ಸುಮ್ಮನಿದ್ದದ್ದು ಕಳ್ಳನಿಗೆ ಆದ ದೊಡ್ಡ ಉಪಕಾರ. ಆ ಮೂರು ದಿನವನ್ನು ಕಳ್ಳನಿಗೆ ಕೊಟ್ಟವರು ನಾವೇ, ನಮ್ಮ ಸಿಟ್ಟಿನ ಮೂಲಕ.

ಮನೆಯ ಬ್ಯಾಂಕ್ ಖಾತೆಯಿಂದ ವಂಚಕರು ಹಣ ಸೆಳೆದಿದ್ದರೆ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಿ. ಅಲ್ಲಿಯೂ ಗಂಟೆಗಳ ಲೆಕ್ಕವೇ ಮುಖ್ಯ.

ಹಣಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಅಪರಿಚಿತನೊಬ್ಬ ಆಟದಲ್ಲಿ ಗೆಳೆತನ ಮಾಡಿ, ಉಡುಗೊರೆ ಕೊಟ್ಟು, “ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮಾತಾಡೋಣ, ಮನೆಯಲ್ಲಿ ಹೇಳಬೇಡ” ಎನ್ನುತ್ತಾನೆ. ಆಮೇಲೆ ಫೋಟೊ ಕೇಳುತ್ತಾನೆ. 2024ರ ನವೆಂಬರ್‌ನಲ್ಲಿ ರೋಬ್ಲಾಕ್ಸ್ ಹದಿಮೂರರ ಒಳಗಿನ ಮಕ್ಕಳ ಸಂದೇಶಗಳಿಗೆ ನಿರ್ಬಂಧ ಹೆಚ್ಚಿಸಿತು. ಪೋಷಕರು ತಮ್ಮ ಮೊಬೈಲಿನಿಂದಲೇ ಸಮಯಕ್ಕೂ ಖರ್ಚಿಗೂ ಮಿತಿ ಹಾಕುವ ಸೌಲಭ್ಯ ಕೊಟ್ಟಿತು. ಅವನ್ನು ಬಳಸಿರಿ. ಆದರೆ ಮಗು ಖಾತೆ ತೆರೆಯುವಾಗ ವಯಸ್ಸು ಹೆಚ್ಚಿಸಿ ಬರೆದಿದ್ದರೆ ಆ ಕಾವಲು ಅದಕ್ಕೆ ಸಿಗದೇ ಹೋಗಬಹುದು. ಮೊದಲು ಅದನ್ನು ನೋಡಿ. ಇಂಥದ್ದು ನಡೆದಿದ್ದರೆ ಸಂದೇಶಗಳನ್ನು ಅಳಿಸಬೇಡಿ, ಅವುಗಳ ಚಿತ್ರ ತೆಗೆದಿಟ್ಟುಕೊಳ್ಳಿ. ಆ ವ್ಯಕ್ತಿಯ ಬಗ್ಗೆ ದೂರು ಕೊಟ್ಟು ತಡೆಹಾಕಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಈ ವಂಚಕರ ಆಯುಧ ಒಂದೇ: “ಮನೆಯಲ್ಲಿ ಗೊತ್ತಾದರೆ ನಿನ್ನ ಗತಿ ಏನು?” ಎಂಬ ಬೆದರಿಕೆ. ಮನೆಯಲ್ಲಿ ಗೊತ್ತಾದರೆ ಏನೂ ಆಗುವುದಿಲ್ಲ ಎಂದು ಮಗುವಿಗೆ ಖಚಿತವಾಗಿ ಗೊತ್ತಿದ್ದರೆ ಆ ಆಯುಧ ಮೊಂಡಾಗುತ್ತದೆ.

“ಆಟವನ್ನೇ ಬಿಡಿಸಿದರಾಗದೇ?”

ಹೀಗೆ ಕೇಳುವವರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ಆಟ, ಎಷ್ಟು ಹೊತ್ತು, ಯಾವ ವಯಸ್ಸಿಗೆ ಎಂದು ತೀರ್ಮಾನಿಸುವ ಹಕ್ಕು ಹಿರಿಯರದು. ಸಣ್ಣ ಮಕ್ಕಳಿಗೆ ಬೇಡವೇ ಬೇಡ ಎಂದರೂ ತಪ್ಪಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಿದ್ದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ಆ ತೀರ್ಮಾನವನ್ನು ಮಗು ಅಳುತ್ತಾ ಬಂದು ತಪ್ಪು ಒಪ್ಪಿಕೊಂಡ ಗಳಿಗೆಯಲ್ಲಿ ಮಾಡಬೇಡಿ. ಆಗ ಮಗು ಕಲಿಯುವ ಪಾಠ “ಆಟ ಕೆಟ್ಟದ್ದು” ಎಂಬುದಲ್ಲ, “ಹೇಳಿದ್ದೇ ತಪ್ಪಾಯಿತು” ಎಂಬುದು. ಮುಂದಿನ ಸಲ ಅದು ಪಕ್ಕದ ಮನೆಯ ಮೊಬೈಲಿನಲ್ಲಿ ಆಡುತ್ತದೆ, ಬಿದ್ದರೆ ಯಾರಿಗೂ ಹೇಳುವುದಿಲ್ಲ. ನಿಯಮವನ್ನು ಶುಕ್ರವಾರ ಮಧ್ಯಾಹ್ನ ಊಟದ ನಂತರ, ಮನೆಮಂದಿಯೆಲ್ಲ ನಗುತ್ತಾ ಕೂತಿರುವಾಗ ಮಾಡಿ. ಮಾಡಿದ ಮೇಲೆ ಅದಕ್ಕೆ ನೀವೂ ಬದ್ಧರಾಗಿರಿ. ಊಟದ ತಟ್ಟೆಯ ಪಕ್ಕ ನಮ್ಮದೇ ಮೊಬೈಲ್ ಮಿನುಗುತ್ತಿದ್ದರೆ ಮಗುವಿಗೆ ಹೇಳುವ ಬಾಯಿ ನಮಗೆಲ್ಲಿದೆ?

ಪ್ರೀತಿಯ ನೆರವಿನಿಂದ ತೀರದ ತೊಂದರೆಯೂ ಇದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮೊದಲಾಗುವುದು, ಹಾನಿಯಾಗುತ್ತಿದೆ ಎಂದು ಗೊತ್ತಿದ್ದೂ ಬಿಡಲಾಗದಿರುವುದು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಹೀಗೆ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. 2022ರ ಜನವರಿ 1ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಅದು ಸೇರಿದೆ. ಆದರೆ ನೆರವು ಕೇಳಲು ಹನ್ನೆರಡು ತಿಂಗಳು ಕಾಯಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕಾಗಿ ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದರೆ ವೈದ್ಯರ ಬಳಿ ಹೋಗಲು ನಾಚುವುದಿಲ್ಲ. ಇದಕ್ಕೇಕೆ ನಾಚಿಕೆ?

ಆ ಹುಡುಗನ ಖಾತೆ ಮತ್ತೆ ಸಿಗಲಿಲ್ಲ. ಆದರೆ ವೈದ್ಯರ ಕೋಣೆಯಿಂದ ಹೊರಬಂದ ಮೇಲೆ ಅವನ ತಾಯಿ ಒಂದು ಮಾತನ್ನೂ ಆಡದೆ ಅವನನ್ನು ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಇಡ್ಲಿ ತಿನ್ನಿಸಿದರು. ಹೊಟ್ಟೆ ನೋವು ಅಲ್ಲೇ ನಿಂತಿತ್ತು. ಮೊಬೈಲಿನ ಹೊಸ ನಿಯಮ ಬಂದದ್ದು ಮರುವಾರ. ಅದರಲ್ಲಿ ದಿನಕ್ಕೆ ಒಂದೇ ಗಂಟೆ ಆಟ ಎಂದಿತ್ತು. ಹುಡುಗ ಗೊಣಗಿಕೊಂಡೇ ಒಪ್ಪಿದ. ಕಳೆದ ತಿಂಗಳು ಅವನೇ ತಾಯಿಯ ಬಳಿ ಬಂದು, “ಒಬ್ಬ ನನ್ನ ಶಾಲೆಯ ಹೆಸರು ಕೇಳುತ್ತಿದ್ದಾನೆ, ನೋಡಮ್ಮಾ” ಎಂದು ಮೊಬೈಲ್ ತೋರಿಸಿದನಂತೆ.

ನಿಮ್ಮ ಮನೆಯ ಮಗು ಹೀಗೆ ಮೊಬೈಲ್ ಹಿಡಿದು ನಿಮ್ಮ ಬಳಿ ಬರುತ್ತದೆಯೇ? ಇಂದು ರಾತ್ರಿ ಒಮ್ಮೆ ಅದರ ಪಕ್ಕ ಕುಳಿತು, “ನಿನ್ನ ಊರು ತೋರಿಸು” ಎಂದು ಕೇಳಿ ನೋಡಿ.