ತೇಪೆ ಮಗುವಿನದೇ, ಖರ್ಚು ಯಾರದು?

ಎದೆಗೂ ಹೊಟ್ಟೆಗೂ ನಡುವೆ ಸ್ನಾಯುವಿನ ಒಂದು ತೆರೆಯಿದೆ. ಅದಕ್ಕೆ ವಪೆ ಎಂದು ಹೆಸರು. ನಾವು ಉಸಿರೆಳೆಯುವುದು ಮುಖ್ಯವಾಗಿ ಅದರ ಬಲದಿಂದಲೇ. ಸುಮಾರು 3,000 ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಈ ತೆರೆಯಲ್ಲಿ ತೂತಿರುತ್ತದೆ, ಹೆಚ್ಚಾಗಿ ಎಡಮಗ್ಗುಲಲ್ಲಿ. ಗರ್ಭದಲ್ಲಿರುವಾಗಲೇ ಕರುಳು ಆ ತೂತಿನಿಂದ ಎದೆಗೇರಿ, ಶ್ವಾಸಕೋಶಕ್ಕೆ ಬೆಳೆಯಲು ಜಾಗವಿಲ್ಲದಂತೆ ಮಾಡುತ್ತದೆ. ಹುಟ್ಟಿದ ಕೂಸು ನೀಲಿಗಟ್ಟುತ್ತದೆ.

ತೂತು ಸಣ್ಣದಾದರೆ ಹೊಲಿದುಬಿಡಬಹುದು. ದೊಡ್ಡದಾದರೆ ತೇಪೆ ಬೇಕು. ಕೃತಕ ಹಾಳೆಯ ತೇಪೆಯುಂಟು. ಆದರೆ ಮಗು ಬೆಳೆಯುತ್ತದೆ, ಹಾಳೆ ಬೆಳೆಯದು. ಅಂಚು ಬಿಟ್ಟು ಕರುಳು ಮತ್ತೆ ಮೇಲೇರುವ ಭಯ. ಆದಕಾರಣ ಕೆಲವು ಶಸ್ತ್ರವೈದ್ಯರು ಮಗುವಿನ ಹೊಟ್ಟೆಗೋಡೆಯ ಒಳಪದರವನ್ನೋ ಬೆನ್ನಿನ ಅಗಲವಾದ ಸ್ನಾಯುವನ್ನೋ, ಅದರ ರಕ್ತನಾಳ ಕಡಿಯದಂತೆ ಬಿಡಿಸಿ, ತಿರುಗಿಸಿ ತಂದು ಹೊಲಿಯುತ್ತಾರೆ. ಅದು ಜೀವಂತ ತೇಪೆ, ಮಗುವಿನೊಂದಿಗೆ ಬೆಳೆಯಬಲ್ಲುದು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವುದನ್ನು ಹೇಳಿಕೊಟ್ಟ ಸುಶ್ರುತನ ನಾಡಿನವರಿಗೆ ಈ ತತ್ವ ಹೊಸದೇನಲ್ಲ. ದೋಷವೂ ಉಂಟು: ಸ್ನಾಯು ತೆಗೆದ ಕಡೆ ಹೊಟ್ಟೆ ಉಬ್ಬಬಹುದು, ಶಸ್ತ್ರಕ್ರಿಯೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಯಾವುದು ತಕ್ಕದ್ದೆಂದು ವೈದ್ಯರೇ ನಿರ್ಣಯಿಸಲಿ.

ನಮ್ಮ ಪ್ರಶ್ನೆ ಬೇರೆ. ತೇಪೆಗೆ ಕಾಸಿಲ್ಲ, ಸರಿ. ಉಳಿದದ್ದಕ್ಕೆ? ಹುಟ್ಟಿ ಒಂದು ದಿನ ತುಂಬದ ಕೂಸಿನ ವಪೆಯನ್ನು ಹೊಲಿದು ಬದುಕಿಸಿದ ಸಂಗತಿಯನ್ನು ಬೋಸ್ಟನ್ನಿನ ರಾಬರ್ಟ್ ಗ್ರಾಸ್ 1946ರಲ್ಲಿ ಪ್ರಕಟಿಸಿದರು. ಆಮೇಲೆ ಬಹುಕಾಲ, ಹುಟ್ಟಿದೊಡನೆ ಕೊಯ್ಯುವುದೇ ಪದ್ಧತಿಯಾಗಿತ್ತು. ಈಗ ಮೊದಲು ಉಸಿರನ್ನು ಹದಕ್ಕೆ ತರುತ್ತಾರೆ, ಅನಂತರ ಕತ್ತಿ. ಅಷ್ಟೂ ದಿನ ಕೃತಕ ಉಸಿರಾಟದ ಯಂತ್ರ, ಹಗಲಿರುಳು ದಾದಿಯರ ಕಾವಲು. ಹಣ ಕರಗುವುದು ಅಲ್ಲಿ.

1953ರಲ್ಲಿ ವೈದ್ಯಕೀಯ ಕಾಲೇಜು ಬಂದ ಮಣಿಪಾಲ ನಮ್ಮ ಪಕ್ಕದಲ್ಲೇ ಇದೆ. ಮಕ್ಕಳ ಶಸ್ತ್ರಕ್ರಿಯೆಯ ವಿಭಾಗವೂ ಅಲ್ಲುಂಟು. ವಿದ್ಯೆಗೆ ಕೊರತೆಯಿಲ್ಲ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಗೊತ್ತುಮಾಡಿತು. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30 ಮಾತ್ರ. ಕಾಪು ಪೇಟೆಯಲ್ಲಿ ದಿನಸಿ ಅಂಗಡಿಯಿಟ್ಟವನು ಉಳಿದ ಎಪ್ಪತ್ತಕ್ಕೆ ಏನನ್ನು ಮಾರಬೇಕು, ಅಂಗಡಿಯನ್ನೇ? ಇನ್ನು ಕಾರ್ಕಳದ ಅಕ್ಕಿ ಗಿರಣಿಯ ಕೂಲಿಯವನಿಗೆ ಆಸ್ಪತ್ರೆಯ ಬಿಲ್ಲು ತಪ್ಪಿದರೂ ಬಾಗಿಲಲ್ಲಿ ಕೂತ ದಿನಗಳ ಕೂಲಿ ಕೊಡುವವರಿಲ್ಲ.

ಐದನೆಯ ತಿಂಗಳಲ್ಲಿ ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ಈ ದೋಷ ಅನೇಕ ವೇಳೆ ಕಾಣುತ್ತದೆ. (ಗಂಡೋ ಹೆಣ್ಣೋ ಎಂದು ನೋಡುವುದು 1994ರ ಕಾಯಿದೆಯಂತೆ ಅಪರಾಧ, ನಾವು ಅದನ್ನು ಹೇಳುತ್ತಿಲ್ಲ.) ಕಂಡರೆ ಹೆರಿಗೆಯನ್ನೇ ಮಣಿಪಾಲದಲ್ಲಿ ಮಾಡಿಸಬಹುದು. ಕಾಣದೆ ಹೋದರೆ, ಉಸಿರಿಲ್ಲದ ಕೂಸನ್ನು ಕಾರ್ಕಳದಿಂದ ಸುಮಾರು 35 ಕಿ.ಮೀ. ಆಂಬುಲೆನ್ಸಿನಲ್ಲಿ ಒಯ್ಯಬೇಕು.

ಯಾವ ಗರ್ಭಿಣಿಗೂ ಈ ಸ್ಕ್ಯಾನ್ ತಪ್ಪಬಾರದು. ನವಜಾತ ಶಿಶುವಿನ ಶಸ್ತ್ರಕ್ರಿಯೆಗೆ ಸರಕಾರ ರೇಷನ್ ಕಾರ್ಡಿನ ಬಗೆ ನೋಡಬಾರದು. ಉಡುಪಿ, ಕಾಪು, ಕಾರ್ಕಳ ಕ್ಷೇತ್ರಗಳ ಶಾಸಕರು ವಿಧಾನಸಭೆಯಲ್ಲಿ ಈ ಎರಡು ಮಾತನ್ನು ಎತ್ತಬೇಕೆಂದು ನಾವು ಕೇಳುತ್ತೇವೆ.