ಬೆಂಜ್ ಲಾರಿಯ ಬಾಯಾರಿಕೆ

ಕಾರ್ಕಳದ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಅವನ ಅಜ್ಜ ಓಡಿಸುತ್ತಿದ್ದ, ಮೂತಿ ಮುಂದಕ್ಕೆ ಚಾಚಿದ ಬೆಂಜ್ ಲಾರಿ ಇನ್ನೂ ಅಂಗಳದಲ್ಲಿದೆ. ಟೆಲ್ಕೋ ಕಂಪೆನಿ 1954ರಿಂದ 1969ರವರೆಗೆ ಜರ್ಮನಿಯ ಡೈಮ್ಲರ್-ಬೆಂಜ್ ಜತೆಗೂಡಿ ಲಾರಿ ಕಟ್ಟುತ್ತಿದ್ದ ಕಾಲದ್ದು.

"ಬೋರು ಹೊಡೆಸಿ, ಪಿಸ್ಟನ್ನು, ರಿಂಗು ಎಲ್ಲ ಹೊಸತು ಹಾಕಿಸಿದೆ ಮಾಸ್ಟ್ರೇ. ರೇಡಿಯೇಟರ್ ಮಾತ್ರ ತೂತು. ಹೊಸ ಅಲ್ಯೂಮಿನಿಯಂನದು ತರಲೋ, ಹಳೆಯದಕ್ಕೇ ತಾಮ್ರದ ಕೋರ್ ಕೂರಿಸಲೋ?"

ಲೆಕ್ಕಕ್ಕೆ ಕುಳಿತೆವು. 100 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಪೂರ್ತಿ ದುಡಿಯುವಾಗ ನೀರಿಗೆ ಸುಮಾರು 60 ಕಿಲೋವ್ಯಾಟ್ ಶಾಖ ಬಿಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಿಲೋವ್ಯಾಟಿನ 60 ಕಾಯಿಲುಗಳನ್ನು ಒಂದೇ ಹಂಡೆಗೆ ಇಳಿಸಿದ ಹಾಗೆ! ರೇಡಿಯೇಟರ್ ಕೈಕೊಟ್ಟರೆ, 20 ಲೀಟರ್ ನೀರು 80 ಡಿಗ್ರಿಯಿಂದ 100ಕ್ಕೆ ಏರಲು ಅರ್ಧ ನಿಮಿಷ ಸಾಕು. ಎಂಜಿನ್ನಿನ ಕಬ್ಬಿಣವೂ ಒಂದಿಷ್ಟು ಶಾಖ ಹೀರುವುದರಿಂದ ತುಸು ತಡವಾದೀತು, ಅಷ್ಟೆ. ಆಮೇಲೆ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ಡು ಬಾಗುತ್ತದೆ; ಬೋರಿಗೆ ಸುರಿದ ಹಣವೂ ಅದರೊಂದಿಗೆ ಹೋಯಿತು.

ತಾಮ್ರ ಅಲ್ಯೂಮಿನಿಯಂಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆಂದು ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಇಲ್ಲಿ ತೀರ್ಪು ಅದರಿಂದಲ್ಲ. ಶಾಖಕ್ಕೆ ದೊಡ್ಡ ತಡೆ ಲೋಹವಲ್ಲ, ಫಿನ್ನುಗಳಿಂದ ಗಾಳಿಗೆ ದಾಟುವ ಜಾಗ. ಅಗಲ ಕೊಳವೆಗಳ ಒಳ್ಳೆಯ ಅಲ್ಯೂಮಿನಿಯಂ ರೇಡಿಯೇಟರ್ ತಾಮ್ರಕ್ಕೆ ಸರಿಗಟ್ಟುತ್ತದೆ, ತೂಕವೂ ಕಡಿಮೆ. ಆದರೂ ನಾನು ತಾಮ್ರವೇ ಇರಲಿ ಎಂದೆ. ಹಿತ್ತಾಳೆಯ ಟ್ಯಾಂಕು ಗಟ್ಟಿಯಿದೆ, ಲಾರಿಯ ಚೌಕಟ್ಟಿಗೆ ಸರಿಯಾಗಿ ಕೂರುತ್ತದೆ. ಸೋರಿದರೆ ಉಡುಪಿಯಲ್ಲೇ ಸೀಸದ ಬೆಸುಗೆ ಹಾಕಿಕೊಡುವವರಿದ್ದಾರೆ. ಕಾಪುವಿನ ಉಪ್ಪುಗಾಳಿ ಅಲ್ಯೂಮಿನಿಯಂನಲ್ಲಿ ಸಣ್ಣ ಕುಳಿ ಕೊರೆದರೆ ರಿಪೇರಿ ಅಷ್ಟು ಸುಲಭವಲ್ಲ.

"ಹಾಗಾದರೆ ಮೂರು ಸಾಲಿನ ಬದಲು ಐದು ಸಾಲು ಹಾಕಿಸುತ್ತೇನೆ."

ಬೇಡ ಮಾರಾಯ! ಮುಂದಿನ ಸಾಲುಗಳು ಕಾಯಿಸಿಬಿಟ್ಟ ಗಾಳಿಯೇ ಹಿಂದಿನ ಸಾಲುಗಳಿಗೆ ಸಿಗುವುದು. ಕೋರ್ ದಪ್ಪವಾದಷ್ಟೂ ಗಾಳಿ ನುಗ್ಗುವುದೂ ಕಷ್ಟ. ಉಡುಪಿಯಿಂದ ಕಾಪುವಿಗೆ ಹೆದ್ದಾರಿಯಲ್ಲಿ ಹೋಗುವಾಗ ಎದುರುಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಬಜಗೋಳಿ ದಾಟಿ ಮಾಳದ ಘಾಟಿಯನ್ನು ಒಂದನೇ ಗೇರಿನಲ್ಲಿ ಹತ್ತುವಾಗ? ಶಾಖ ಹೆಚ್ಚು, ಎದುರುಗಾಳಿ ಇಲ್ಲ, ಫ್ಯಾನೇ ಗತಿ. ಆದ್ದರಿಂದ ಮೂರೋ ನಾಲ್ಕೋ ಸಾಲು ಸಾಕು; ಉಳಿಯುವ ದುಡ್ಡಿನಲ್ಲಿ ಫ್ಯಾನಿನ ಸುತ್ತ ತಗಡಿನ ಕವಚ ಮಾಡಿಸು ಎಂದೆ. ಕವಚವಿಲ್ಲದಿದ್ದರೆ ಫ್ಯಾನು ಕೋರಿನ ನಡುಭಾಗದಿಂದಷ್ಟೇ ಗಾಳಿ ಎಳೆಯುತ್ತದೆ.

ಮುಚ್ಚಳದ ಮಾತೂ ಬಂತು. ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡ ತಡೆಯುವ ಮುಚ್ಚಳವಿದ್ದರೆ ನೀರು ಕುದಿಯುವುದು ಸುಮಾರು 111 ಡಿಗ್ರಿಯಲ್ಲಿ. ಹಾಗೆಂದು ಹೊಸ ಕಾರಿನ ಬಿಗಿ ಮುಚ್ಚಳ ತಂದು ಹಾಕಿದರೆ ಹಳೆಯ ಬೆಸುಗೆಯೇ ಬಿಟ್ಟುಕೊಂಡೀತು. ಮೊದಲು ಎಷ್ಟಿತ್ತೋ ಅಷ್ಟೇ ಇರಲಿ. ಥರ್ಮೋಸ್ಟಾಟ್ ಕಿತ್ತೆಸೆಯುವ ಚಾಳಿಯೂ ಬೇಡ. ತಣ್ಣಗೇ ಓಡುವ ಎಂಜಿನ್ ಬೇಗ ಸವೆಯುತ್ತದೆ. ಕಡಲ ಬದಿಯ ಉಪ್ಪು ಬಾವಿಯ ನೀರಂತೂ ಕೂಡದು. ತುಕ್ಕು ತಡೆಯುವ ಕೂಲೆಂಟ್ ಬೇಕು. ನಮ್ಮಲ್ಲಿ ಮಂಜುಗಡ್ಡೆಯ ಭಯವಿಲ್ಲದಿದ್ದರೂ ತುಕ್ಕಿನ ಭಯವಿದೆಯಲ್ಲ!

"ಎಂಜಿನ್ನಿನ ಒಳಗಿನ ನೀರಿನ ದಾರಿ ತೊಳೆಸಿದ್ದೀಯಾ?" ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ಬೋರು ಹೊಡೆಸುವ ಗಡಿಬಿಡಿಯಲ್ಲಿ ಅದನ್ನು ಬಿಟ್ಟಿದ್ದನಂತೆ. ಹೊಸ ಕೋರ್ ಕೂರಿಸಿದ್ದರೆ ಹಳೆಯ ತುಕ್ಕೆಲ್ಲ ಬಂದು ಅದರ ಕೊಳವೆಗಳಲ್ಲೇ ಕಟ್ಟಿಕೊಳ್ಳುತ್ತಿತ್ತು.

ಈಗ ತೊಳೆಸಿ ಆಗಿದೆ. ಮೊದಲು ಇಂದ್ರಾಳಿ ದಾಟಿ ಮಣಿಪಾಲದ ಏರು, ಆಮೇಲೆ ಮಾಳ. ಪಕ್ಕದ ಸೀಟಿನಲ್ಲಿ ಕುಳಿತು ಬಿಸಿಯ ಮುಳ್ಳು ನೋಡುವ ಕೆಲಸ ನನಗೆ ಸಿಕ್ಕಿದೆ. ಎರಡು ಕ್ಯಾನ್ ನೀರನ್ನೂ ಇಟ್ಟುಕೊಳ್ಳಲು ಹೇಳಿದ್ದೇನೆ.